ಆಂಪ್ಸ್ ಒಂದೇ ಹೇಳಿ ಬ್ರೇಕರ್ ತರಬೇಡಿ

ಕೇಳುಗರೇ, ನಮಸ್ಕಾರ.

ಬೆಳಗಾವಿ ಉದ್ಯಮಬಾಗದ ಫೌಂಡ್ರಿ ಇರಲಿ, ರಬಕವಿ-ಬನಹಟ್ಟಿಯ ಪವರ್‌ಲೂಮ್ ಶೆಡ್ ಇರಲಿ, ಪ್ಯಾನೆಲ್‌ನಲ್ಲಿ ಬ್ರೇಕರ್ ಕೆಟ್ಟಿತು ಅಂದರೆ ಅಂಗಡಿಗೆ ಹೋಗುವ ಫೋನ್ ಒಂದೇ: "ಇನ್ನೂರು ಆಂಪ್ಸ್ ಎಂಸಿಸಿಬಿ ಐತೇನ್ರಿ?" ಎಂಸಿಸಿಬಿ ಅಂದರೆ ಪ್ಯಾನೆಲ್‌ಗೆ ಹಾಕುವ ದೊಡ್ಡ ಬ್ರೇಕರ್. ಮಷಿನ್ ನಿಂತಿರುತ್ತದೆ, ಆಳುಗಳು ಸುಮ್ನೆ ಕೂತಿರುತ್ತಾರೆ, ಅವಸರ ಸಹಜ. ಅಂಗಡಿಯವರೂ ಇದ್ದದ್ದನ್ನು ಕೊಟ್ಟು ಕಳಿಸುತ್ತಾರೆ.

ಆಂಪ್ಸ್ ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ, ಕೆಎ, ಅಂದರೆ ಸಾವಿರ ಆಂಪ್ಸ್ ಲೆಕ್ಕದಲ್ಲಿ. ಶಾರ್ಟ್ ಆದಾಗ ನುಗ್ಗುವ ಕರೆಂಟನ್ನು ಬ್ರೇಕರ್ ಎಷ್ಟರವರೆಗೆ ಕಡಿಯಬಲ್ಲದು ಎಂಬ ಲೆಕ್ಕ ಅದು. ನಿಮ್ಮದು 500 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್), 433 ವೋಲ್ಟ್ ಅಂದುಕೊಳ್ಳಿ. ಅದರ ಪೂರ್ಣ ಲೋಡ್ ಸುಮಾರು 667 ಆಂಪ್ಸ್. ಇಂಪೀಡೆನ್ಸ್, ಅಂದರೆ ಕರೆಂಟಿಗೆ ಟಿಸಿ ಒಡ್ಡುವ ತಡೆ, ಶೇ 4.5 ಇದ್ದರೆ, 667ನ್ನು 0.045ರಿಂದ ಭಾಗಿಸಿ. ಹತ್ತಿರ ಹತ್ತಿರ 15 ಕೆಎ ಬರುತ್ತದೆ. ಟಿಸಿ ಪಕ್ಕದ ಮೇನ್ ಪ್ಯಾನೆಲ್‌ಗೆ 10 ಕೆಎ ಬ್ರೇಕರ್ ಹಾಕಿದರೆ ಶಾರ್ಟ್ ಆದ ದಿನ ಅದು ಕರೆಂಟ್ ಕಡಿಯುವ ಬದಲು ತಾನೇ ಸಿಡಿಯಬಹುದು. ಅಲ್ಲಿಗೆ 25 ಅಥವಾ 36 ಕೆಎ ತನ್ನಿ. ಉದ್ದದ ಕೇಬಲ್ ದಾಟಿದ ಸಣ್ಣ ಬೋರ್ಡಿನಲ್ಲಿ ಈ ಅಂಕಿ ಇಳಿಯುತ್ತದೆ, ಅಲ್ಲಿ ಕಡಿಮೆಯದು ನಡೆದೀತು. "ಹಳೇದು ಇದ್ದಂಗೆ ಹೊಸದು" ಅನ್ನುವವರೂ ಒಂದು ಕೇಳಿಕೊಳ್ಳಬೇಕು, ನಡುವೆ ಟಿಸಿ ದೊಡ್ಡದು ಮಾಡಿಸಿದ್ದೀರಾ? 250 ಹೋಗಿ 500 ಕೆವಿಎ ಬಂದಿದ್ದರೆ ಶಾರ್ಟ್‌ನ ಕರೆಂಟ್ ಹೆಚ್ಚುಕಡಿಮೆ ಎರಡರಷ್ಟಾಗಿರುತ್ತದೆ, ಬ್ರೇಕರ್ ಮಾತ್ರ ಹಳೆಯ ಲೆಕ್ಕದ್ದೇ ಇರುತ್ತದೆ.

ಪದೇ ಪದೇ ಟ್ರಿಪ್ ಆಗುತ್ತದೆ ಅಂತ 100 ತೆಗೆದು 125 ಹಾಕಿಬಿಡುವ ಚಾಳಿ ನಮ್ಮಲ್ಲಿ ಜಾಸ್ತಿ. ಬ್ರೇಕರ್ ಇರುವುದು ಕೇಬಲ್ ಕಾಯಲು, ಅಲ್ವಾ? ಕೇಬಲ್ ಹಳೆಯದೇ ಇಟ್ಟು ಬ್ರೇಕರ್ ದೊಡ್ಡದು ಮಾಡಿದರೆ ಮುಂದಿನ ಸಲ ಬಿಸಿಯಾಗಿ ಕರಗುವುದು ಕೇಬಲ್. ಮೊದಲು ಕ್ಲಾಂಪ್ ಮೀಟರ್ ಹಿಡಿದು ಮೂರೂ ಫೇಸ್ ನೋಡಿ. ಕೇಬಲ್ ತುದಿಯ ಲಗ್ ಸಡಿಲ ಇದ್ದರೂ ಬಿಸಿಯಾಗಿ ಟ್ರಿಪ್ ಆಗುತ್ತದೆ. ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಥರ್ಮಲ್ ಬ್ರೇಕರ್‌ಗಳ ಆಂಪ್ಸ್ ಅನ್ನು ಸಾಮಾನ್ಯವಾಗಿ 40 ಡಿಗ್ರಿಗೆ ಹೇಳಿರುತ್ತಾರೆ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್-ಮೇನಲ್ಲಿ ಹೊರಗೇ ಅಷ್ಟಿರುವಾಗ ತಗಡಿನ ಶೆಡ್ಡಿನೊಳಗೆ ಮುಚ್ಚಿದ ಪ್ಯಾನೆಲ್‌ನ ಗತಿ ಏನು? ಬೇಸಿಗೆಯಲ್ಲಿ ಬೇಗ ಟ್ರಿಪ್ ಆದರೆ ಬಿಸಿ ಏರಿದಂತೆ ಆಂಪ್ಸ್ ಎಷ್ಟು ಇಳಿಯುತ್ತದೆ ಅಂತ ಹೇಳುವ ಕಂಪನಿಯ ಡಿರೇಟಿಂಗ್ ಪಟ್ಟಿ ನೋಡಿ, ಗಾಳಿ ಆಡುವ ಹಾಗೆ ಮಾಡಿಸಿ.

ಸಣ್ಣ ಮೋಟಾರಿಗೆ ಎಂಸಿಬಿ (ಸಣ್ಣ ಬ್ರೇಕರ್) ಇದ್ದರೆ ಕರ್ವ್ ನೋಡಿ, ಅಂದರೆ ಅದರ ಆಂಪ್ಸ್‌ನ ಎಷ್ಟು ಪಟ್ಟಿಗೆ ತಟ್ಟನೆ ಟ್ರಿಪ್ ಆಗುತ್ತದೆ ಎಂಬ ಗುರುತು. ಸಿ ಕರ್ವ್ 5ರಿಂದ 10 ಪಟ್ಟಿನಲ್ಲಿ ತಟ್ಟನೆ ಟ್ರಿಪ್ ಆಗುತ್ತದೆ, ಡಿ ಕರ್ವ್ 10ರಿಂದ 20. ಮೋಟಾರ್ ಶುರುವಾಗುವಾಗಲೇ ಆರೇಳು ಪಟ್ಟು ಎಳೆಯುತ್ತದಾದ್ದರಿಂದ ಸಿ ಕೆಲವೊಮ್ಮೆ ಅದನ್ನು ತಾಳದೆ ಟ್ರಿಪ್ ಆಗಿಬಿಡುತ್ತದೆ.

ಗುಜರಿಯಲ್ಲಿ ಪಾಲಿಶ್ ಮಾಡಿಟ್ಟ ಬ್ರೇಕರ್ ಅರ್ಧ ರೇಟಿಗೆ ಸಿಗುತ್ತದೆ. ಎಷ್ಟು ಶಾರ್ಟ್ ತಿಂದಿದೆ ಅಂತ ಮೇಲೆ ಬರೆದಿರುವುದಿಲ್ಲ. ನಾನಂತೂ ಬೇಡ ಅಂತೀನಿ.

ಹೋಗುವ ಮುಂಚೆ ಹಳೆಯದರ ನೇಮ್‌ಪ್ಲೇಟ್ ಫೋಟೋ ತೆಗೆದುಕೊಳ್ಳಿ, ಬ್ರೇಕರ್ ಕೂರುವ ಲೋಹದ ಪಟ್ಟಿಯ (ಬಸ್‌ಬಾರ್) ತೂತಿನ ಅಂತರ ಅಳೆಯಿರಿ, ಮೂರು ಪೋಲೋ ನಾಲ್ಕೋ ಬರೆದುಕೊಳ್ಳಿ. ಫೇಸ್ ನಡುವಿನ ಬ್ಯಾರಿಯರ್ ಡಬ್ಬಿಯಲ್ಲಿ ಇದೆಯೇ ಅಂತ ಅಂಗಡಿಯಲ್ಲೇ ಬಿಚ್ಚಿ ನೋಡಿ. ಕೂರಿಸುವ ಕೆಲಸ ಲೈಸೆನ್ಸ್ ಇದ್ದವರಿಗೇ ಕೊಡಿ, ಮೇಲಿನ ಸಪ್ಲೈ ತೆಗೆಸಿ, ಬೀಗ ಹಾಕಿಸಿ, ಕೀಲಿಯನ್ನು ಕೆಲಸ ಮಾಡುವವನ ಜೇಬಿಗೇ ಹಾಕಿ.