ಸೊಪ್ಪು, ಬೇರು ಮತ್ತು ನಮ್ಮ ರಕ್ತ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ವಿರಾಜಪೇಟೆ ತನಕ ಬಂದಿದ್ದೀರಿ. ನಿಮ್ಮಲ್ಲಿ ಬಿಪಿ ಮಾತ್ರೆ ನುಂಗುವವರು ಕಡಿಮೆ ಇರಲಿಕ್ಕಿಲ್ಲ. ಪೀಠಿಕೆ ಬೇಡ, ನೇರ ತೋಟಕ್ಕೇ ಹೋಗೋಣ.

ಕಾಲಿಗೆ ಜಿಗಣೆ ಹತ್ತಿದೆ. ಉಪ್ಪೋ ಸುಣ್ಣವೋ ತಾಗಿಸಿ ಬಿಡಿಸಿದ್ದಾಯಿತು. ಆದರೆ ರಕ್ತ ನಿಲ್ಲುವುದಿಲ್ಲ, ಸಾಕ್ಸೆಲ್ಲ ಒದ್ದೆ. ಜಿಗಣೆಯ ಎಂಜಲಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುತ್ತದೆ. ಆಗ ತೋಟದವರು ಬೇಲಿ ಬದಿಯ ಕಮ್ಯುನಿಸ್ಟ್ ಗಿಡದ (ಯುಪಟೋರಿಯಂ ಎಂಬ ಕಳೆ) ನಾಲ್ಕು ಎಲೆ ಕಿತ್ತು, ಅಂಗೈಯಲ್ಲಿ ಉಜ್ಜಿ, ರಸದ ಸಮೇತ ಗಾಯಕ್ಕೆ ಒತ್ತಿ ಹಿಡಿಯುತ್ತಾರೆ. ಇದು ಬರೀ ನಂಬಿಕೆಯಲ್ಲ. ಆ ರಸ ರಕ್ತ ಕಟ್ಟುವುದನ್ನು ಚುರುಕು ಮಾಡುತ್ತದೆ ಎಂದು ಪ್ರಯೋಗಾಲಯಗಳಲ್ಲೂ ಕಂಡಿದೆ. ಒತ್ತಿ ಹಿಡಿದದ್ದಕ್ಕೂ ಅದರಲ್ಲಿ ಪಾಲಿದೆ ಅನ್ನಿ.

ಇದರ ತದ್ವಿರುದ್ಧ ಕೆಲಸ ಮಾಡುವ ಗಿಡದ ಕಥೆ ಅಮೆರಿಕದ್ದು. 1920ರ ದಶಕದಲ್ಲಿ ಅಲ್ಲಿನ ದನಗಳು ಸಣ್ಣ ಗಾಯಕ್ಕೂ ರಕ್ತ ಸುರಿದು ಸಾಯತೊಡಗಿದವು. ಸ್ವೀಟ್ ಕ್ಲೋವರ್ ಎಂಬ ಮೇವು ನೆನೆದು ಬೂಷ್ಟು ಹಿಡಿದಿತ್ತು, ಅದನ್ನೇ ಹಾಕಿದ್ದರು. 1933ರ ಫೆಬ್ರವರಿಯಲ್ಲಿ ಒಬ್ಬ ರೈತ ಹಿಮ ಬೀಳುತ್ತಿರುವಾಗಲೇ ಗಾಡಿ ಓಡಿಸಿಕೊಂಡು ವಿಸ್ಕಾನ್ಸಿನ್‌ನ ವಿಜ್ಞಾನಿ ಕಾರ್ಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ಬಂದ. ಗಾಡಿಯಲ್ಲಿ ಸತ್ತ ಕಡಸು, ಒಂದಿಷ್ಟು ಕೆಟ್ಟ ಮೇವು, ಹಾಲಿನ ಕ್ಯಾನಿನ ತುಂಬ ರಕ್ತ. ಆ ರಕ್ತ ಹೆಪ್ಪುಗಟ್ಟಿರಲೇ ಇಲ್ಲ. ಲಿಂಕ್ ತಂಡ ಅದರ ಬೆನ್ನು ಹತ್ತಿತು. ಗಿಡದ ಕೂಮರಿನ್ ಎಂಬ ಪರಿಮಳದ ವಸ್ತು ಬೂಷ್ಟಿನಿಂದಾಗಿ ಡೈಕೂಮರಾಲ್ ಆಗುತ್ತದೆ ಎಂದು ಗೊತ್ತಾಯಿತು. ಅದರ ಜಾಡಿನಲ್ಲೇ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಬಂತು. 1948ರಲ್ಲಿ ಇಲಿ ಪಾಷಾಣ, 1954ರಲ್ಲಿ ಮನುಷ್ಯರ ಔಷಧ! 1955ರಲ್ಲಿ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಇದನ್ನು ಕೊಟ್ಟರು. ವಸ್ತು ಅದೇ, ಪ್ರಮಾಣ ಬೇರೆ.

ರಕ್ತ ಕಟ್ಟುವ ಕೆಲವು ಪ್ರೋಟೀನ್‌ಗಳನ್ನು ತಯಾರಿಸಲು ಲಿವರ್‌ಗೆ ವಿಟಮಿನ್ ಕೆ ಬೇಕು. ಒಮ್ಮೆ ಬಳಸಿದ ವಿಟಮಿನ್ ಕೆ ಮತ್ತೆ ಬಳಕೆಗೆ ಬರುವುದನ್ನು ವಾರ್ಫರಿನ್ ತಡೆಯುತ್ತದೆ. ಸೊಪ್ಪಿನಲ್ಲಿ ವಿಟಮಿನ್ ಕೆ ಜಾಸ್ತಿ. ಹಾಗಾಗಿ ಈ ಮಾತ್ರೆ ತೆಗೆದುಕೊಳ್ಳುವವರಿಗೆ ಸೊಪ್ಪು ಬಿಟ್ಟೇ ಬಿಡಿ ಎನ್ನುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ನುಗ್ಗೆ, ಬಸಳೆ, ಕೆಸ ಎಲ್ಲ ತಿನ್ನಿ. ಆದರೆ ಒಂದು ವಾರ ಬುಟ್ಟಿಗಟ್ಟಲೆ, ಇನ್ನೊಂದು ವಾರ ಏನೂ ಇಲ್ಲ ಅಂತ ಮಾಡಬೇಡಿ. ನೀವು ತಿನ್ನುವುದಕ್ಕೆ ತಕ್ಕಂತೆ ಡಾಕ್ಟರ್ ರಕ್ತ ಕಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಐಎನ್‌ಆರ್ ನೋಡಿ ಮಾತ್ರೆ ಹೊಂದಿಸುತ್ತಾರೆ.

ಸೊಪ್ಪು ಅಂದ ಕೂಡಲೇ ಆಗಸ್ಟ್ 3ರ ಸುಮಾರಿಗೆ ಬರುವ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ನೆನಪಾಗಬೇಕು. ಅಂದು ಅಡುಗೆಗೆ ಮದ್ದು ಸೊಪ್ಪು, ಕೆಲವರ ಮನೆಯಲ್ಲಿ ಆಟಿ ಸೊಪ್ಪು. ಕುದಿಸಿದ ನೀರು ಕಡು ನೇರಳೆ, ಪಾಯಸವೂ ನೇರಳೆ. ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ, ಮದ್ದು ಮೈಗೆ ಹತ್ತಿತು ಎಂದು ಎಲ್ಲರಿಗೂ ಸಮಾಧಾನ. ನನಗೆ ತಕರಾರಿರುವುದು ಇಲ್ಲೇ. ವಾರ್ಫರಿನ್ ಪ್ರಮಾಣ ಮೀರಿದಾಗ ಕಾಣುವ ಎಚ್ಚರಿಕೆಯ ಗುರುತುಗಳಲ್ಲಿ ಮೂತ್ರದಲ್ಲಿ ರಕ್ತವೂ ಒಂದು. ಆಗಸ್ಟ್ 3ರ ಸುಮಾರಿಗೆ ಊರಿಡೀ ಕೆಂಪು ಮೂತ್ರ ಇರುವಾಗ ಅದು ಯಾರ ಗಮನಕ್ಕೆ ಬರುತ್ತದೆ, ಹೇಳಿ? ವಾರ್ಫರಿನ್ ತೆಗೆದುಕೊಳ್ಳುವವರೇ, ಬಣ್ಣ ಒಂದೆರಡು ದಿನದಲ್ಲಿ ಹೋಗದಿದ್ದರೆ ಕಾಯಬೇಡಿ. ಹಲ್ಲುಜ್ಜುವಾಗ ವಸಡಲ್ಲಿ ರಕ್ತ ಬಂದರೆ, ಪೆಟ್ಟು ಬೀಳದೆಯೇ ಮೈ ಮೇಲೆ ನೀಲಿ ಕಲೆ ಎದ್ದರೆ ಅಂದೇ ಆಸ್ಪತ್ರೆಗೆ ಹೋಗಿ.

ಇನ್ನು ಬಿಪಿ. ನಮ್ಮ ಕಾಡಿನ ನೆರಳಲ್ಲಿ ಸರ್ಪಗಂಧಿ ಬೆಳೆಯುತ್ತದೆ. ಅದರ ಬೇರು ಬಿಪಿ ಇಳಿಸುತ್ತದೆ ಎಂದು 1931ರಲ್ಲೇ ನಮ್ಮ ದೇಶದ ವೈದ್ಯರಾದ ಸೇನ್ ಮತ್ತು ಬೋಸ್ ಬರೆದಿದ್ದರು. 1949ರಲ್ಲಿ ಬೊಂಬಾಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಫಲಿತಾಂಶವನ್ನು ಬ್ರಿಟನ್ನಿನ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಲೋಕ ಕಣ್ಣು ಬಿಟ್ಟಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ರಕ್ತನಾಳ ಬಿಗಿಯುವಂತೆ ಮಾಡುವ ನಾರ್‌ಅಡ್ರಿನಲಿನ್ ನರದ ತುದಿಯಲ್ಲಿ ದಾಸ್ತಾನಿರುತ್ತದೆ. ರಿಸರ್ಪಿನ್ ಆ ದಾಸ್ತಾನನ್ನೇ ಖಾಲಿ ಮಾಡುತ್ತದೆ. ನಾಳ ಸಡಿಲ, ಬಿಪಿ ಇಳಿಕೆ. ಮಿದುಳಲ್ಲೂ ಹೀಗೇ ಆಗುವುದರಿಂದ ಕೆಲವರಿಗೆ ಮನಸ್ಸು ಕುಗ್ಗುತ್ತದೆ, ಮಂಪರು ಬರುತ್ತದೆ. ಈಗ ಇದನ್ನು ಬರೆದುಕೊಡುವ ಡಾಕ್ಟರ್‌ಗಳು ವಿರಳ. ದಿನಕ್ಕೆ ಕಾಲು ಮಿಲಿಗ್ರಾಂ ಅಂದರೆ ತುಂಬಾ ಆಯಿತು. ಮನೆಯಲ್ಲಿ ಬೇರು ಕುದಿಸಿದರೆ ಲೋಟದಲ್ಲಿ ಎಷ್ಟಿದೆ ಅಂತ ಯಾರು ಅಳೆಯುತ್ತಾರೆ? ಮೇಲಾಗಿ ಬೇರು ಅಗೆದರೆ ಗಿಡವೂ ಹೋಯಿತು.

ಜ್ಯೇಷ್ಠಮಧು ಇದರ ಉಲ್ಟಾ. ಕೆಮ್ಮಿಗೆ ಎರಡು ದಿನ ಜಗಿದರೆ ಪರವಾಗಿಲ್ಲ. ವಾರಗಟ್ಟಲೆ ಜಗಿದರೆ ಮೈಯಲ್ಲಿ ಉಪ್ಪು ನೀರು ನಿಂತು ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ.

ಕಾಫಿ ಬಿಡಿ ಅಂತ ಕೊಡಗಿನಲ್ಲಿ ನಿಂತು ಹೇಳುವಷ್ಟು ಧೈರ್ಯ ನನಗಿಲ್ಲ. ದಿನಾ ಕುಡಿಯುವವರ ಮೈ ಅದಕ್ಕೆ ಸಾಕಷ್ಟು ಒಗ್ಗಿರುತ್ತದೆ. ಆದರೂ ಕುಡಿದ ಮೇಲೆ ಸ್ವಲ್ಪ ಹೊತ್ತು ಬಿಪಿ ಏರಬಹುದು. ನಮ್ಮ ರೋಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇದೆ ಬೇರೆ. ಹೊರಗೆ ಬಿಪಿ ನೋಡುವ ಮೇಜೂ ಇದೆ, ಕಾಫಿಯೂ ರೆಡಿ ಇದೆ. ಮೊದಲು ಬಿಪಿ ನೋಡಿಸಿಕೊಂಡು ಆಮೇಲೆ ಕಾಫಿ ಕುಡಿಯಿರಿ. ಆಗಲೇ ಕುಡಿದವರು ಅರ್ಧ ಗಂಟೆ ಕೂತಿರಿ, ಅಷ್ಟರೊಳಗೆ ನಿಮ್ಮ ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತೇನೆ.