ಮಳೆ ಬುಕ್ಕಿನ ಕೊನೇ ಪುಟ

ಹಾಸನ ಆಕಾಶವಾಣಿ ಕೇಳುಗರಿಗೆ ನಮಸ್ಕಾರ. ಕಿಡ್ನಿ ಕಾಯಿಲೆ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಆದರೆ ನಾನು ಮಾತಾಡುವುದು ಕಾಯಿಲೆ ಇರುವವರ ಜೊತೆ ಅಲ್ಲ, ಅವರ ಹೆಂಡತಿ ಅಥವಾ ಗಂಡನ ಜೊತೆ. ರಿಪೋರ್ಟ್ ಕವರನ್ನು ಮೊದಲು ಬಿಡಿಸುವವರು ನೀವೇ ಅಲ್ವಾ? ಲ್ಯಾಬ್ ಮೆಟ್ಟಿಲ ಮೇಲೆ ನಿಂತು ಒಂದೇ ನಂಬರ್ ಹುಡುಕುತ್ತೀರಿ. ಕ್ರಿಯಾಟಿನಿನ್. ಹೋದ ಸಲ 2.1, ಈಗ 2.6. ಮುಗೀತು, ಬಸ್ಸಿನಲ್ಲಿ ಊರು ತಲುಪುವವರೆಗೆ ಇಬ್ಬರಿಗೂ ಮಾತಿಲ್ಲ.

ನಾನು ಹೇಳಲು ಬಂದಿರುವುದು ಒಂದೇ ಮಾತು. ಒಂದು ನಂಬರ್ ನೋಡಬೇಡಿ, ಸಾಲು ನೋಡಿ.

ಕ್ರಿಯಾಟಿನಿನ್ ಅಂದರೆ ಮಾಂಸಖಂಡಗಳು ದಿನಾ ಬಿಡುವ ಕಸ. ಕಿಡ್ನಿ ಅದನ್ನು ಸೋಸಿ ಹೊರಗೆ ಹಾಕುತ್ತದೆ. ಸೋಸುವುದು ಕಡಿಮೆಯಾದರೆ ರಕ್ತದಲ್ಲಿ ಕಸ ಏರುತ್ತದೆ. ಆದರೆ ನೀರು ಕುಡಿಯದಿದ್ದರೂ ಏರುತ್ತದೆ. ಹಿಂದಿನ ರಾತ್ರಿ ಮಟನ್ ಊಟ ಆಗಿದ್ದರೂ ಏರುತ್ತದೆ. ಲ್ಯಾಬ್ ಬದಲಾದರೂ ಹೆಚ್ಚುಕಮ್ಮಿ ಆಗುತ್ತದೆ. ಮೂರು ತಿಂಗಳು ಕಳೆದರೂ ಹಾಗೇ ಇದ್ದರೆ ಮಾತ್ರ ನಾವು ಡಾಕ್ಟರುಗಳು ಅದನ್ನು ದೀರ್ಘಕಾಲದ ಕಾಯಿಲೆ ಅನ್ನುವುದು.

ಸಕಲೇಶಪುರದ ಕಡೆಯ ಒಬ್ಬ ತಾಯಿ. ಸಣ್ಣ ಕಾಫಿ ತೋಟ. ಯಜಮಾನರಿಗೆ ಶುಗರ್, ಅದರಿಂದ ಕಿಡ್ನಿ. ಒಂದು ದಿನ ಕಣ್ಣು ಕೆಂಪಗೆ ಮಾಡಿಕೊಂಡು ಬಂದರು. 2.6 ಆಗಿದೆ. "ನಾಲ್ಕು ದಿನದಿಂದ ಬರೀ ಗಂಜಿ ಕೊಡ್ತಿದ್ದೀನಿ ಸಾರ್, ನಾನೇನು ತಪ್ಪು ಮಾಡಿದೆ?" ಪಕ್ಕದಲ್ಲಿ ಯಜಮಾನರು ಗೋಡೆ ನೋಡುತ್ತಾ ಕೂತಿದ್ದಾರೆ. ಗಂಜಿ ಮುಖ.

ವಿಚಾರಿಸಿದೆ. ಯಜಮಾನರು ಹಾಸನಾಂಬೆ ದರ್ಶನಕ್ಕೆ ಬಂದು ಐದು ಗಂಟೆ ಕ್ಯೂನಲ್ಲಿ ನಿಂತಿದ್ದಾರೆ. ಮೂತ್ರಕ್ಕೆ ಎಲ್ಲಿ ಹೋಗುವುದು ಅಂತ ನೀರೇ ಕುಡಿದಿಲ್ಲ. ರಾತ್ರಿ ಮಂಡಿ ನೋವಿಗೆ ಅಂಗಡಿಯಿಂದ ತಂದ ಮಾತ್ರೆ ಎರಡು. ಬೆಳಿಗ್ಗೆ ಎದ್ದು ರಕ್ತ ಕೊಟ್ಟಿದ್ದಾರೆ!

"ತೋಟದ ಮಳೆ ಲೆಕ್ಕ ಯಾರಮ್ಮ ಬರೆಯೋದು?" ಅಂತ ಕೇಳಿದೆ. ನಾನೇ ಅಂದರು. ದಿನಾ ಬೆಳಿಗ್ಗೆ ಮಾಪಕ ನೋಡಿ ಇಂಚು, ಸೆಂಟು ಬರೆದಿಡುತ್ತಾರೆ. ಒಂದೇ ದಿನ ನಾಲ್ಕು ಇಂಚು ಬಿದ್ದರೆ? "ಒಂದಿನದ್ದು ಇಟ್ಕೊಂಡು ಏನ್ ಮಾಡೋದು ಸಾರ್, ತಿಂಗಳದ್ದು ಕೂಡಿಸಿ..." ಅಂದವರು ಅಲ್ಲೇ ನಿಲ್ಲಿಸಿದರು. ಆಮೇಲೆ ನಕ್ಕರು. ಯಜಮಾನರೂ ಗೋಡೆ ಬಿಟ್ಟು ಈ ಕಡೆ ತಿರುಗಿದರು.

ಕಿಡ್ನಿಗೆ ಪೆಟ್ಟು ಕೊಡುವ ಆ ನೋವಿನ ಮಾತ್ರೆ ನಿಲ್ಲಿಸಿದೆವು. ಎರಡು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ನೋಡಿದರೆ 2.2. ಮುಂದಿನ ಸಲ ಆ ತಾಯಿ ಮಳೆ ಬುಕ್ಕನ್ನೇ ತಂದಿದ್ದರು. ಕೊನೇ ಪುಟಕ್ಕೆ ಗೆರೆ ಎಳೆದು ತಾರೀಖು, ಕ್ರಿಯಾಟಿನಿನ್, ಪೊಟ್ಯಾಶಿಯಂ (ಊಟದಿಂದ ಬರುವ ಒಂದು ಖನಿಜ, ಹೆಚ್ಚಾದದ್ದನ್ನು ಕಿಡ್ನಿಯೇ ಹೊರಗೆ ಹಾಕಬೇಕು), ಬಿಪಿ, ತೂಕ. ಪಕ್ಕದಲ್ಲಿ ಸಣ್ಣಗೆ "ಭೇದಿ ಆಗಿತ್ತು", "ಮದುವೆ ಊಟ" ಅಂತ. ಎಷ್ಟು ಚೆನ್ನಾಗಿತ್ತು ಅಂತೀರಿ! ಮೂರು ವರ್ಷದ ಸಾಲು ಓದುತ್ತೇನೆ, ಕೇಳಿ. 2.1, 2.6, 2.2, 2.3, 2.3, 2.4. ಏರುತ್ತಿದೆ, ಹೌದು, ಸುಳ್ಳು ಹೇಳುವುದಿಲ್ಲ. ಆದರೆ ನಿಧಾನಕ್ಕೆ. ಆ 2.6 ಈಗ ಎಲ್ಲಿದೆ ಅಂತ ಹುಡುಕಬೇಕು.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಪೊಟ್ಯಾಶಿಯಂ ಜಾಸ್ತಿ ಅಂತ ಡಾಕ್ಟರ್ ಹೇಳಿದ್ದರೆ ಎಳನೀರು ಬೇಡ. ತರಕಾರಿ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ನೀರು ಚೆಲ್ಲಿ. ಬಸ್ಸಾರು ಮಾಡಬೇಡಿ, ತುಂಬಾ ಪೊಟ್ಯಾಶಿಯಂ ಆ ಬಸಿದ ನೀರಿಗೇ ಇಳಿದಿರುತ್ತದೆ. ನಮ್ಮ ಜಿಲ್ಲೆಯವರಿಗೆ ಇದು ಕಷ್ಟ, ನನಗೂ ಗೊತ್ತು. ನೋವಿನ ಮಾತ್ರೆ ನೀವೇ ತಂದು ಕೊಡಬೇಡಿ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ, ಅದರ ಹೆಸರಲ್ಲಿ ಜಗಳ ಬೇಡ. ಉಸಿರು ಕಟ್ಟಿದರೆ, ಮೂತ್ರ ತೀರಾ ಕಡಿಮೆಯಾದರೆ, ಪೊಟ್ಯಾಶಿಯಂ 6 ದಾಟಿದರೆ ಸಾಲು ನೋಡುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಬನ್ನಿ.

ಗಂಡಸರಿಗೆ ಒಂದು ಮಾತು. ಹೆಂಡತಿಗೆ ಕಾಯಿಲೆ ಇದ್ದರೆ ಬುಕ್ಕು ಬರೆಯಬೇಕಾದವರು ನೀವು. "ರಿಪೋರ್ಟ್ ಎಲ್ಲಿ?" ಅಂದರೆ "ಅವಳನ್ನೇ ಕೇಳಿ ಸಾರ್" ಅನ್ನುತ್ತೀರಲ್ಲ, ಅದು ಸಾಕು ಇನ್ನು. ಬೀರುವಿನಲ್ಲೋ ಹಾಸಿಗೆ ಕೆಳಗೋ ಇರುತ್ತವೆ, ಇವತ್ತು ರಾತ್ರಿ ತೆಗೆದು ತಾರೀಖಿನ ಪ್ರಕಾರ ಜೋಡಿಸಿ. ನಮಸ್ಕಾರ.