ಪುಟ ಸರಿಯದಿದ್ದರೆ ಮೊದಲು ನೋಟ ನೋಡಿ

ಕೇಳುಗರೇ, ನಮಸ್ಕಾರ.

ಊರಿನ ಗದ್ದೆಯ ಪಹಣಿ, ಸೊಸೈಟಿಯ ಲೆಕ್ಕಪತ್ರ, ವಿಮೆಯ ಪಾಲಿಸಿ, ಬ್ಯಾಂಕಿನ ಸ್ಟೇಟ್‌ಮೆಂಟ್ ಎಲ್ಲವೂ ಈಗ ಪಿಡಿಎಫ್ ಆಗಿಯೇ ಬರುತ್ತವೆ. ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಕೂತು ಕುಂದಾಪುರದ ಕಾಗದ ನೋಡಬಹುದು. ಆದರೆ ಎಷ್ಟೋ ಮನೆಗಳಲ್ಲಿ ಕಡತ ತೆರೆದ ಮೇಲೆ ತಕರಾರು ಶುರುವಾಗುತ್ತದೆ. ಮೌಸಿನ ಚಕ್ರ ತಿರುಗಿಸಿದರೆ ಒಂದೋ ಪುಟ ಅಲ್ಲಾಡುವುದಿಲ್ಲ, ಇಲ್ಲವೇ ಒಮ್ಮೆಗೇ ಮೂರು ನಾಲ್ಕು ಪುಟ ಹಾರಿಹೋಗುತ್ತದೆ. ಆಗ ನಮ್ಮವರು ಕಡತ ಕೆಟ್ಟಿದೆ ಎನ್ನುತ್ತಾರೆ, ಇನ್ನೊಮ್ಮೆ ಕಳಿಸಿ ಎಂದು ಫೋನ್ ಮಾಡುತ್ತಾರೆ, ರಿಪೇರಿಯವನನ್ನು ಕರೆಸಿ ದುಡ್ಡನ್ನೂ ಕೊಡುತ್ತಾರೆ.

ಇವತ್ತು ನನ್ನದು ಒಂದೇ ಮಾತು. ಕಡತ ಕೆಟ್ಟಿಲ್ಲ. ಮೊದಲು ನೋಟ ನೋಡಿ.

ನೋಟ ಅಂದರೆ ಮೆನುವಿನಲ್ಲಿರುವ ವ್ಯೂ. ಪಿಡಿಎಫ್ ಅನ್ನು ಅಡೋಬಿ ಕಂಪನಿ 1993ರಲ್ಲಿ ತಂದಿತು. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕಾಗದದ ಮೇಲೆ ಹೇಗಿದೆಯೋ ಹಾಗೆಯೇ ಕಾಣಬೇಕು ಎನ್ನುವುದೇ ಅದರ ಉದ್ದೇಶ. ಹಾಗಾಗಿ ಅದರಲ್ಲಿ ಪುಟ ಎಂದರೆ ಪುಟವೇ, ಅದಕ್ಕೆ ಮೇಲೊಂದು ಅಂಚು, ಕೆಳಗೊಂದು ಅಂಚು. ಈ ಪುಟಗಳನ್ನು ತೋರಿಸಲು ಎರಡು ಬಗೆ ಇದೆ. ಒಂದರಲ್ಲಿ ಗೋಡೆಯ ಕ್ಯಾಲೆಂಡರಿನ ಹಾಗೆ, ಒಂದು ಹಾಳೆ ಮಗುಚಿದರೆ ಮಾತ್ರ ಇನ್ನೊಂದು ಕಾಣುತ್ತದೆ. ಇನ್ನೊಂದರಲ್ಲಿ ಪುಟದ ಬುಡಕ್ಕೆ ಮುಂದಿನ ಪುಟದ ತಲೆ ತಾಗಿಕೊಂಡು ಸರಾಗವಾಗಿ ಮೇಲೆ ಬರುತ್ತದೆ. ಓದುವುದಕ್ಕೆ ಬೇಕಾದದ್ದು ಈ ಎರಡನೆಯದು.

ಅಡೋಬಿ ರೀಡರ್ ಇದ್ದರೆ ವ್ಯೂ ಒತ್ತಿ, ಪೇಜ್ ಡಿಸ್‌ಪ್ಲೇಗೆ ಹೋಗಿ, ಎನೇಬಲ್ ಸ್ಕ್ರೋಲಿಂಗ್ ಆರಿಸಿ. ಅಷ್ಟೇ ಕೆಲಸ. ಹೊಸ ಆವೃತ್ತಿಯಲ್ಲಿ ಎಡಗಡೆ ಮೇಲಿನ ಮೆನು ಗುಂಡಿ ಒತ್ತಿದರೆ ಈ ವ್ಯೂ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ತೆರೆದಿದ್ದರೆ ಬಲಗಡೆಯ ಜೋಡಿ ಬಾಣದ ಗುರುತು ಒತ್ತಿ, ವರ್ಟಿಕಲ್ ಸ್ಕ್ರೋಲಿಂಗ್ ಆರಿಸಿ. ಮೊಬೈಲಿನ ಅಡೋಬಿಯಲ್ಲಿ ಅದನ್ನೇ ಕಂಟಿನ್ಯುವಸ್ ಎಂದು ಬರೆದಿದ್ದಾರೆ.

ಇಷ್ಟು ಸಣ್ಣ ವಿಷಯಕ್ಕೆ ರೇಡಿಯೋದಲ್ಲಿ ಭಾಷಣ ಯಾಕೆ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಮುಲುಂಡಿನ ಒಂದು ವಸತಿ ಸೊಸೈಟಿಯ ಸಂಗತಿ ಹೇಳಬೇಕು.

ಹಳೆಯ ಕಟ್ಟಡ. ಕೆಡವಿ ಹೊಸದು ಕಟ್ಟುವ ಮಾತುಕತೆ ನಡೆದಿತ್ತು. ಮುಂಬಯಿಯಲ್ಲಿ ರೀಡೆವಲಪ್‌ಮೆಂಟ್ ಅಂದರೇನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಜೀವಮಾನದ ಗಳಿಕೆಯೆಲ್ಲ ಒಂದು ಸಹಿಯ ಮೇಲೆ ನಿಂತಿರುತ್ತದೆ. ಬಿಲ್ಡರನ ವಕೀಲರು ಕರಡು ಒಪ್ಪಂದವನ್ನು ಪಿಡಿಎಫ್ ಮಾಡಿ ಎಲ್ಲರಿಗೂ ಕಳಿಸಿದ್ದರು. ಕಮಿಟಿಯಲ್ಲಿ ನಮ್ಮ ಉಡುಪಿ ಕಡೆಯ ಹಿರಿಯರೊಬ್ಬರಿದ್ದರು. ಬ್ಯಾಂಕಿನಿಂದ ನಿವೃತ್ತರಾದವರು, ಒಂದಕ್ಷರ ಬಿಡದೆ ಓದುವವರು. ಅವರು ರಾತ್ರಿಯೆಲ್ಲ ಕೂತು ಓದಿದರು. ಬೆಳಿಗ್ಗೆ ನೇರವಾಗಿ ಕಾರ್ಯದರ್ಶಿಯ ಮನೆಗೆ ಹೋಗಿ, ಒಪ್ಪಂದದಲ್ಲಿ ನಡುನಡುವೆ ಪುಟಗಳೇ ಇಲ್ಲ, ಬೇಕೆಂದೇ ತೆಗೆದಿದ್ದಾರೆ ಎಂದರು. ಒಂದು ಕಲಮು ಅರ್ಧಕ್ಕೆ ನಿಂತಿದೆ, ಮುಂದಿನ ಪುಟದಲ್ಲಿ ಇನ್ನೇನೋ ಶುರುವಾಗಿದೆ, ಎಂದು ಕಾಗದದಲ್ಲಿ ಗುರುತು ಹಾಕಿಕೊಂಡು ಬಂದಿದ್ದರು. ಸುದ್ದಿ ಮಹಡಿಯಿಂದ ಮಹಡಿಗೆ ಹಬ್ಬಿತು. ಭಾನುವಾರದ ಸಭೆಯಲ್ಲಿ ದೊಡ್ಡ ಗಲಾಟೆ. ಕಾರ್ಯದರ್ಶಿಯೂ ಬಿಲ್ಡರನೂ ಒಂದೇ ಎಂದು ಕೂಗುವವರೆಗೂ ಹೋಯಿತು. ಇಪ್ಪತ್ತು ವರ್ಷ ಒಂದೇ ಮೆಟ್ಟಿಲು ಹತ್ತಿಳಿದವರು ಮಾತು ಬಿಟ್ಟರು.

ನಾನು ಹಿರಿಯರಿಗೆ ಕಂಪ್ಯೂಟರ್ ಹೇಳಿಕೊಡುವವಳು ಎಂದು ಯಾರೋ ಹೇಳಿ ನನ್ನನ್ನು ಕರೆಸಿದರು. ಆ ಹಿರಿಯರು, "ನೋಡು ತಂಗಿ, ನಾನು ಸುಳ್ಳು ಹೇಳುವವನಲ್ಲ, ನೀನೇ ನೋಡು" ಎಂದು ಮೌಸ್ ಹಿಡಿದು ಚಕ್ರ ತಿರುಗಿಸಿದರು. ನಾನು ಪುಟ ನೋಡಲಿಲ್ಲ, ಪುಟದ ಸಂಖ್ಯೆ ತೋರಿಸುವ ಪೆಟ್ಟಿಗೆ ನೋಡಿದೆ. 18 ಇದ್ದದ್ದು 21 ಆಯಿತು. "ರಾಯರೇ, ಪುಟ ಕಾಣೆಯಾಗಿಲ್ಲ, ನೀವು ದಾಟಿ ಬಂದಿದ್ದೀರಿ" ಎಂದೆ. ಅವರು ನಂಬಲಿಲ್ಲ. ವ್ಯೂಗೆ ಹೋಗಿ ಎನೇಬಲ್ ಸ್ಕ್ರೋಲಿಂಗ್ ಒತ್ತಿದೆ. ಪುಟ 18ರ ಕೊನೆಯ ಸಾಲಿನ ಕೆಳಗೆ 19ರ ಮೊದಲ ಸಾಲು ನಿಧಾನವಾಗಿ ಎದ್ದು ಬಂತು. ಅರ್ಧಕ್ಕೆ ನಿಂತಿದ್ದ ಕಲಮು ಅಲ್ಲಿ ಪೂರ್ತಿಯಾಗಿತ್ತು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮೊದಲ ಪುಟದಿಂದ ಓದಲು ಕೂತರು.

ನನಗೆ ಮುಖ್ಯವಾದದ್ದು ಮುಂದಿನ ಭಾಗ. ಎರಡನೆಯ ಓದಿನಲ್ಲಿ ಅವರಿಗೆ ನಿಜವಾದ ಕೊರತೆಯೇ ಸಿಕ್ಕಿತು. ಕಟ್ಟಡ ಏಳುವವರೆಗೆ ಕೊಡುವ ಬಾಡಿಗೆಯ ಬಗ್ಗೆ ಬರೆದಿದ್ದರು, ಕೆಲಸ ತಡವಾದರೆ ಬಾಡಿಗೆ ಏನು ಎನ್ನುವುದು ಎಲ್ಲೂ ಇರಲಿಲ್ಲ. ಮುಂದಿನ ಸಭೆಯಲ್ಲಿ ಅವರೇ ಎದ್ದು ಕೇಳಿದರು, ಆ ಕಲಮು ಸೇರಿತು. ಪುಟ ಸರಿಯಾಗಿ ಸರಿದರೆ ತಾನೇ ಅಲ್ಲಿ ಏನಿಲ್ಲ ಎನ್ನುವುದು ಕಾಣುವುದು! ಇದು ಕಂಪ್ಯೂಟರಿನ ಸಣ್ಣ ಕಿರಿಕಿರಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಸಮಯ ಬಹಳ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ನೋಟ ಸರಿಮಾಡಿದರೂ ಕೆಲವು ಕಡತ ಹಟ ಹಿಡಿಯುತ್ತವೆ. ಕಡತ ಮಾಡಿದವರೇ ಇದು ಒಂಟಿ ಪುಟವಾಗಿ ತೆರೆಯಲಿ ಎಂದು ಅದರೊಳಗೆ ಬರೆದಿಟ್ಟಿರುತ್ತಾರೆ. ಆಗ ಅಡೋಬಿ ರೀಡರಿನಲ್ಲಿ ಕಂಟ್ರೋಲ್ ಮತ್ತು ಕೆ ಒಟ್ಟಿಗೆ ಒತ್ತಿ. ಪ್ರಿಫರೆನ್ಸಸ್ ತೆರೆಯುತ್ತದೆ. ಅಲ್ಲಿ ಆಕ್ಸೆಸಿಬಿಲಿಟಿ ಎಂಬ ವಿಭಾಗದಲ್ಲಿ ಆಲ್ವೇಸ್ ಯೂಸ್ ಪೇಜ್ ಲೇಔಟ್ ಸ್ಟೈಲ್ ಎಂದಿದೆ. ಅದಕ್ಕೆ ಗುರುತು ಹಾಕಿ, ಪಕ್ಕದಲ್ಲಿ ಸಿಂಗಲ್ ಪೇಜ್ ಕಂಟಿನ್ಯುವಸ್ ಆರಿಸಿ. ಆಮೇಲೆ ಎಲ್ಲ ಕಡತವೂ ನೀವು ಹೇಳಿದ ಹಾಗೆ ತೆರೆಯುತ್ತದೆ.

ಬಾಣದ ಕೀಲಿ ಒತ್ತಿದರೆ ಪುಟ ಸುಮ್ಮನಿದ್ದು ಪಕ್ಕದ ಪಟ್ಟಿಯಲ್ಲಿರುವ ಪುಟಗಳ ಚಿಕ್ಕ ಚಿತ್ರಗಳು ಓಡಿದರೆ, ನೀವು ಕೊನೆಯದಾಗಿ ಕ್ಲಿಕ್ ಮಾಡಿದ್ದು ಆ ಪಟ್ಟಿಯಲ್ಲಿ. ಪುಟದ ನಡುವೆ ಒಮ್ಮೆ ಕ್ಲಿಕ್ ಮಾಡಿ. ಚಕ್ರ ತಿರುಗಿಸಿದಾಗ ಅಕ್ಷರ ದೊಡ್ಡದು ಚಿಕ್ಕದು ಆಗುತ್ತಿದ್ದರೆ ಕಂಟ್ರೋಲ್ ಕೀಲಿ ಒತ್ತಿಕೊಂಡೇ ಇದೆ, ಬಿಡಿಸಿ. ಬ್ರೌಸರಿನಲ್ಲಿ ಪುಟ ತಾನಾಗಿಯೇ ತೇಲುತ್ತಾ ಹೋದರೆ ಚಕ್ರವನ್ನೇ ಗುಂಡಿಯ ಹಾಗೆ ಒತ್ತಿದ್ದೀರಿ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಮೌಸನ್ನು ಮೇಜಿಗೆ ಬಡಿಯಬೇಡಿ, ದಯವಿಟ್ಟು.

ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿ ಓದುವವರಿಗೆ ಒಂದು ಮಾತು. ಅಲ್ಲಿ ಪ್ರತಿ ಪುಟವೂ ಒಂದು ಫೋಟೋ. ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಚುಕ್ಕೆ, ಕಡತದಲ್ಲಿ ಕುಗ್ಗಿಸಿಟ್ಟದ್ದನ್ನು ಬಿಚ್ಚಿದಾಗ ಸುಮಾರು 26 ಎಂಬಿ. ಹಳೆಯ ಕಂಪ್ಯೂಟರ್ ಪ್ರತಿ ಪುಟಕ್ಕೂ ಇಷ್ಟನ್ನು ಬಿಚ್ಚಬೇಕು. ಅಲ್ಲಿ ಪುಟ ತಡೆದು ತಡೆದು ಬಂದರೆ ಅದು ನಿಜವಾದ ಭಾರ. ಬೇರೆ ಕಿಟಕಿಗಳನ್ನು ಮುಚ್ಚಿ, ಚಕ್ರವನ್ನು ನಿಧಾನವಾಗಿ ತಿರುಗಿಸಿ.

ನೋಟವೂ ಸರಿಯಿದೆ, ಬೇರೆ ಕಡತಗಳಲ್ಲೂ ಪುಟ ಕೆಳಗೆ ಹೋಗುತ್ತಾ ಫಕ್ಕನೆ ಮೇಲೆ ಹಾರುತ್ತದೆ ಎಂದರೆ ಮಾತ್ರ ಮೌಸನ್ನು ಅನುಮಾನಿಸಿ. ಚಕ್ರದ ಒಳಗೆ ಧೂಳು ಕೂತಿರುತ್ತದೆ. ಬೇರೆ ಮೌಸ್ ಹಾಕಿ ನೋಡಿದರೆ ಅಲ್ಲೇ ಗೊತ್ತಾಗುತ್ತದೆ. ಆದರೆ ಅದು ಕೊನೆಗೆ, ಕೇಳುಗರೇ. ಮೊದಲು ನೋಟ.

ನಮಸ್ಕಾರ.